ಪರರ ಸಂಸಾರಕ್ಕೆ ಕಿವಿಗೊಡುವ ವಿದ್ಯೆ

ಗಂಡಹೆಂಡಿರ ಕಲಹವನ್ನು ಬಿಡಿಸುವುದಕ್ಕೆ ವಿಶ್ವವಿದ್ಯಾನಿಲಯದ ಪದವಿ ಬೇಕೇ ಎಂದು ತಾವು ಕೇಳಬಹುದು. ಮದುವೆಯನ್ನೇ ಕಾಣದ ಇಪ್ಪತ್ತೈದರ ತರುಣಿ ಪರರ ದಾಂಪತ್ಯವನ್ನು ಹೇಗೆ ತಿದ್ದಿಯಾಳು, ಹಿರಿಯರು ಪುಕ್ಕಟೆಯಾಗಿ ಹೇಳುತ್ತಿದ್ದ ಬುದ್ಧಿಮಾತಿಗೆ ಹಣ ಪಡೆಯುವುದು ಧರ್ಮವೇ ಎಂದೂ ಕೇಳಬಹುದು. ಸಂಸಾರವನ್ನೇ ಮಾಡದ ನಮ್ಮ ಬಳಿಗೆ ದಿನಬೆಳಗಾದರೆ ಸಂಸಾರದ ತಕರಾರುಗಳು ಬರುತ್ತಿರುವಾಗ, ಆ ತರುಣಿಯನ್ನು ಆಕ್ಷೇಪಿಸಲು ನಮಗಂತೂ ಬಾಯಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1963ರಲ್ಲಿ ಈ ವೃತ್ತಿಗೆ ಪರವಾನಗಿಯ ಕಾಯಿದೆಯನ್ನು ಮಾಡಿತು; ಆ ದೇಶದಲ್ಲಿ ಅದೇ ಮೊದಲು. ಇಂದು ಅಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರಾಗಬೇಕಾದರೆ ಸ್ನಾತಕೋತ್ತರ ಪದವಿಯಷ್ಟೇ ಸಾಲದು. ಅನುಭವಿಗಳ ಮೇಲ್ವಿಚಾರಣೆಯಲ್ಲಿ 3,000 ಗಂಟೆ ದುಡಿಯಬೇಕು. ಅದನ್ನು 104 ವಾರಗಳಿಗಿಂತ ಬೇಗ ಮುಗಿಸುವಂತಿಲ್ಲ. ಪರೀಕ್ಷೆಗಳು ಎರಡು, ಅವುಗಳಲ್ಲಿ ಒಂದು ಕಾನೂನಿಗೂ ನೀತಿಗೂ ಮೀಸಲಾದುದು.

ಗಂಟೆಗಳ ಲೆಕ್ಕ ಹಾಗಿರಲಿ. ವಿದ್ಯಾರ್ಥಿಯು ಪರರ ಮನೆಯೊಳಗೆ ಕಾಲಿಡುವ ಮೊದಲು ತನ್ನ ಮನೆಯನ್ನು ನೋಡಿಕೊಳ್ಳಬೇಕೆಂಬ ನಿಯಮವು ನಮ್ಮನ್ನು ಸೆಳೆಯಿತು. ಮೂರು ತಲೆಮಾರಿನ ವಂಶನಕ್ಷೆಯನ್ನು ಬರೆಯಿಸುತ್ತಾರೆ: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಯಾರು ಯಾರೊಡನೆ ಮಾತು ಬಿಟ್ಟರು, ಯಾರ ಜಗಳದ ನಡುವೆ ಯಾವ ಮಗು ಸಿಕ್ಕಿತು ಎಂಬುದಕ್ಕೆ ಬಗೆಬಗೆಯ ಗೆರೆಗಳು. ಮನೋವೈದ್ಯ ಮರ್ರೇ ಬೋವೆನ್ 1967ರಲ್ಲಿ ತಾವು ಹುಟ್ಟಿದ ಮನೆಯ ತೊಡಕುಗಳನ್ನೇ ವಿದ್ವಾಂಸರ ಸಭೆಯ ಮುಂದಿಟ್ಟರು. ತಂದೆಯೊಡನೆ ಮಾತು ಬಿಟ್ಟ ಮಗನು ನ್ಯಾಯ ಹೇಳಲು ಕುಳಿತರೆ ಎದುರಿಗಿರುವ ಮುದುಕರಲ್ಲೆಲ್ಲ ತನ್ನ ತಂದೆಯನ್ನೇ ಕಂಡಾನಲ್ಲವೇ?

ಅಲ್ಲಿ ನೆಲೆಸಿರುವ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಈ ಶಿಕ್ಷಣದಲ್ಲಿದ್ದಾಳೆ. ಗಂಡನ ಮನೆಯಿಂದ ಹಿಂದಿರುಗಿ ತವರಿನಲ್ಲಿಯೇ ಸವೆದುಹೋದ ಸೋದರತ್ತೆಯ ವಿಷಯವನ್ನು ನಕ್ಷೆಗಾಗಿ ಕೇಳಿದಳಂತೆ. ಹೇಳಲೇ ಬೇಡವೇ ಎಂದು ತಂದೆ ನಮಗೆ ಬರೆದಿದ್ದರು. ಹೇಳಿರಿ, ಹಿಂದಿರುಗಿದ ಕಾರಣವನ್ನೂ ಹೇಳಿರಿ ಎಂದು ಉತ್ತರಿಸಿದೆವು.

ಆದರೆ ಮುಖ್ಯ ಪ್ರಶ್ನೆ ಬೇರೆಯದು. ಮಧ್ಯಸ್ಥನು ಯಾರ ಪಕ್ಷ? ಯಾರ ಪಕ್ಷವೂ ಅಲ್ಲ ಎನ್ನುವುದು ನಮ್ಮ ಕಟ್ಟೆಯ ನ್ಯಾಯದ ಹೆಮ್ಮೆ. ಅಲ್ಲಿ ನಡೆಯುವುದನ್ನು ತಾವೆಲ್ಲ ಕಂಡಿದ್ದೀರಿ. ಸೊಸೆ ಕಂಬದ ಮರೆಯಲ್ಲಿ ನಿಂತಿರುತ್ತಾಳೆ; ಅವಳ ಪರವಾಗಿ ಅಣ್ಣನೋ ತಂದೆಯೋ ಮಾತನಾಡುತ್ತಾನೆ; "ಹೊಂದಿಕೊಂಡು ಹೋಗವ್ವಾ" ಎಂಬಲ್ಲಿಗೆ ತೀರ್ಪು ಮುಗಿಯುತ್ತದೆ. ಇದು ನಿಷ್ಪಕ್ಷಪಾತವಲ್ಲ, ಮೊದಲೇ ಗೆದ್ದವನ ಪಕ್ಷ.

ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಇವಾನ್ ಬೊಸೊರ್ಮೆನಿ-ನಾಜ್ ಎಂಬ ಚಿಂತಕರು ಬೇರೊಂದು ದಾರಿಯನ್ನು ತೋರಿದರು. ಚಿಕಿತ್ಸಕನು ಯಾರ ಪಕ್ಷವೂ ಆಗದಿರುವುದಲ್ಲ, ಸರದಿಯಂತೆ ಪ್ರತಿಯೊಬ್ಬರ ಪಕ್ಷವೂ ಆಗಬೇಕು. ಆ ಕೋಣೆಯಲ್ಲಿಲ್ಲದ ಮಗುವಿನ, ಮುದುಕಿಯ ಪಕ್ಷವೂ ಆಗಬೇಕು. ಇದು ಸುಲಭವಲ್ಲ. ಕ್ರೌರ್ಯವೆಸಗಿದವನ ಮಾತಿನಲ್ಲಿಯೂ ಅವನಿಗಾದ ಅನ್ಯಾಯವೊಂದನ್ನು ಹುಡುಕಬೇಕಾಗುತ್ತದೆ. ಹುಡುಕುತ್ತಲೇ ಅವನ ಹೊಣೆಯನ್ನು ಕಳೆಯದಿರಬೇಕು. ಇಂಥದನ್ನು ಪುಸ್ತಕದಿಂದ ಕಲಿಯಲಾಗದೆಂದೇ ಶಿಷ್ಯರು ಕೆಲಸ ಮಾಡುವಾಗ ಕನ್ನಡಿಯಂಥ ಗಾಜಿನ ಆಚೆ ಕುಳಿತು ಗುರುಗಳು ನೋಡುವ ಪದ್ಧತಿ ಬೆಳೆಯಿತು.

ಈ ದಾರಿಗೂ ಮಿತಿಯುಂಟು. ಮನೆಯೊಳಗಿನ ಬಲಾಬಲವನ್ನು ಕಾಣದೆ ಇಬ್ಬರನ್ನೂ ಸಮನಾಗಿ ಎಣಿಸಿದರೆ ಚಿಕಿತ್ಸೆಯೇ ಹೆಣ್ಣಿನ ಅಧೀನತೆಯನ್ನು ಗಟ್ಟಿಗೊಳಿಸುತ್ತದೆಂದು 1978ರಲ್ಲಿ ರೇಚೆಲ್ ಹೇರ್-ಮಸ್ಟಿನ್ ಎಚ್ಚರಿಸಿದರು. ಹೊಡೆತ ತಿನ್ನುವವಳು ಗಂಡನ ಪಕ್ಕದಲ್ಲಿ ಕುಳಿತು ಆಡಿದ ಸತ್ಯಕ್ಕೆ ಅಂದಿನ ರಾತ್ರಿ ಮತ್ತೆ ಹೊಡೆತ ತಿಂದಾಳು. ಆದಕಾರಣ ಅದನ್ನು ಪ್ರತ್ಯೇಕವಾಗಿ ಕೇಳಿ ತಿಳಿಯುವುದನ್ನು ಕಲಿಸುತ್ತಾರೆ. ಗುಟ್ಟನ್ನು ಕಾಯುವುದು ಅಲ್ಲಿ ಕಾಯಿದೆಯ ಕಟ್ಟಳೆ. ಆದರೂ ಮಗುವಿಗೆ ಹಿಂಸೆಯಾಗುತ್ತಿದೆಯೆಂಬ ಸಕಾರಣ ಸಂಶಯ ಬಂದರೆ ತಿಳಿಸಲೇಬೇಕು. ಪರರ ಪ್ರಾಣಕ್ಕೆ ಅಪಾಯವಿರುವಾಗ ಗುಟ್ಟು ಹಿಂದೆ ಸರಿಯಬೇಕೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1976ರ ಟಾರಾಸಾಫ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನಮ್ಮಲ್ಲಿಯೋ, ಕಟ್ಟೆಯ ಮೇಲೆ ಆಡಿದ ಮಾತು ಸಂಜೆಯೊಳಗೆ ಊರ ಬಾವಿಯನ್ನು ಮುಟ್ಟಿರುತ್ತದೆ!

ಇನ್ನು ಹಣದ ಮಾತು. ಹಿರಿಯರ ಬುದ್ಧಿಮಾತು ಪುಕ್ಕಟೆಯೆಂಬುದು ಅರ್ಧ ನಿಜ, ಹಂಗು ಉಳಿಯುತ್ತದೆ. ರಾಜಿ ಮಾಡಿಸಿದವರ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸಬೇಕು. ಹಣ ಕೊಟ್ಟವನು ಒಪ್ಪಿಗೆಯಾಗದಿದ್ದರೆ ಎದ್ದು ಬೇರೆಡೆಗೆ ಹೋಗಬಲ್ಲನು. ಆದರೆ ಕೊಡಲು ಇಲ್ಲದವರ ಗತಿಯೇನು? ಈ ಆಕ್ಷೇಪಕ್ಕೆ ಆ ದೇಶದಲ್ಲಿಯೂ ಪೂರ್ಣ ಉತ್ತರವಿಲ್ಲ. ನಮ್ಮ 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ಸಲಹೆಗಾರರಿಗೆ ಅವಕಾಶ ಕೊಟ್ಟಿದೆಯಾದರೂ, ಅವರನ್ನು ಕಾಣುವ ವೇಳೆಗೆ ಮನೆಯ ಮಾತು ಅರ್ಜಿಯಾಗಿರುತ್ತದೆ. ಅದಕ್ಕೆ ಮುಂಚೆ ದಾರಿ ಹುಡುಕುವ ಎಷ್ಟೋ ಜನ ಇಂದಿಗೂ ಮಠದ ಮೆಟ್ಟಿಲನ್ನೇ ಹತ್ತುತ್ತಾರೆ.

ಈಚೆಗೆ ನಮ್ಮಲ್ಲಿ ಸೊಸೆಗೂ ಕುರ್ಚಿ ಹಾಕಿಸುತ್ತೇವೆ. ಮಠದ ಹಿರಿಯ ತಾಯಿಯೊಬ್ಬರ ಸಮಕ್ಷಮದಲ್ಲಿ, ಎರಡೂ ಕಡೆಯ ಗಂಡಸರು ಹೊರಗಿರುವಾಗ, ಅವಳ ಮಾತನ್ನು ಅವಳ ಬಾಯಿಂದಲೇ ಕೇಳುತ್ತೇವೆ. ಕೆಲವು ಹಿರಿಯರಿಗೆ ಇದು ಇನ್ನೂ ಹಿಡಿಸಿಲ್ಲ.