ಹಿಂದಿನವರ ಹೆಸರು, ಹಿಂದಿನವರ ಸಾಲ

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ ಬಂದ ಗೆಲುವು, ರಾಜ್ಯದ ಐದನೆಯ ಪ್ರಶಸ್ತಿ ಎಂದು ಎಲ್ಲೆಡೆ ಸುದ್ದಿಯಾಯಿತು. ಹಿಂದಿನ ನಾಲ್ಕೂ 1946–47, 1952–53, 1967–68 ಮತ್ತು 1968–69ರವು. ಅವನ್ನು ಗೆದ್ದ ತಂಡದ ಹೆಸರು ಮೈಸೂರು. ರಿಯಾದ್‌ನಲ್ಲಿ ಆಡಿದ ಹುಡುಗರಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ. ರಾಜ್ಯದ ಹೆಸರು 1973ರಲ್ಲಿ ಬದಲಾಯಿತು, ಗಡಿ 1956ರಲ್ಲೇ ಬದಲಾಗಿತ್ತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯಿಂದ ನೋಡಿದರೆ ಈ ಲೆಕ್ಕ ಇನ್ನೂ ತೊಡಕಿನದು. ಮೈಸೂರು ಮೊದಲ ಪ್ರಶಸ್ತಿ ಗೆದ್ದಾಗ ಈ ಮೂರೂ ತಾಲೂಕುಗಳು ನಿಜಾಮರ ಹೈದರಾಬಾದಿನಲ್ಲಿದ್ದವು. ಆ ಹೈದರಾಬಾದಿಗೆ ತನ್ನದೇ ದೊಡ್ಡ ಫುಟ್‌ಬಾಲ್ ಪರಂಪರೆಯಿತ್ತು. ಸೈಯದ್ ಅಬ್ದುಲ್ ರಹೀಮ್ ತರಬೇತಿ ಕೊಟ್ಟ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತ್ತು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ನಕ್ಷೆಯಿಂದ ಅಳಿಸಿಹೋಯಿತು. ಆದರೂ ಹೈದರಾಬಾದ್ ಹೆಸರಿನ ತಂಡ 1957–58ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಹಾಗಾದರೆ ಜೇವರ್ಗಿಯ ಮನುಷ್ಯನೊಬ್ಬ ಯಾವ ಗೆಲುವನ್ನು ತನ್ನದೆನ್ನಬೇಕು? ಆಡಿದವರು, ಹೆಸರು, ಗಡಿ ಎಲ್ಲ ಬದಲಾದ ಮೇಲೂ ಒಂದು ಸಂಸ್ಥೆ ಅದೇ ಆಗಿ ಉಳಿಯುತ್ತದೆ ಎನ್ನಲು ನಮಗಿರುವ ಆಧಾರವೇನು? ಪ್ರಶ್ನೆ ಹುಟ್ಟಿದ್ದು ಆಟದ ಮೈದಾನದಲ್ಲಿ. ಆದರೆ ಮಠ, ದರ್ಗಾ, ಗುರುಪರಂಪರೆ, ಪುನರ್ಜನ್ಮ ಎಲ್ಲದರ ಬುಡದಲ್ಲಿರುವುದೂ ಇದೇ ಪ್ರಶ್ನೆ.

ಇದರ ಅತ್ಯಂತ ಕಠಿಣ ರೂಪ ಕಾಣುವುದು ಸ್ಲೊವೇನಿಯಾದಲ್ಲಿ. ರಾಜಧಾನಿ ಲ್ಯುಬ್ಲಿಯಾನಾದ ಒಲಿಂಪಿಯಾ ಕ್ಲಬ್, ದೇಶ 1991ರಲ್ಲಿ ಸ್ವತಂತ್ರವಾದ ಮೇಲೆ 1992ರಿಂದ 1995ರವರೆಗೆ ಸತತ ನಾಲ್ಕು ಸಲ ಲೀಗ್ ಗೆದ್ದಿತು. ಆಮೇಲೆ ಸಾಲ ಏರಿ, ದಿವಾಳಿಯೆದ್ದು, 2004–05ರ ಹೊತ್ತಿಗೆ ಮುಚ್ಚಿತು. ಅಭಿಮಾನಿಗಳು ಸುಮ್ಮನಿರಲಿಲ್ಲ. 2005ರಲ್ಲೇ ಬೆಜಿಗ್ರಾದ್ ಎಂಬ ಬಡಾವಣೆಯ ಹೆಸರಿನಲ್ಲಿ ಹೊಸ ಕ್ಲಬ್ ಕಟ್ಟಿ, ಹಳೆಯ ಹಸಿರು-ಬಿಳಿ ಬಣ್ಣ ತೊಟ್ಟು, ಐದನೆಯ ದರ್ಜೆಯಿಂದ ಆಟ ಶುರು ಮಾಡಿದರು. ನಾಲ್ಕು ವರ್ಷ ನಾಲ್ಕು ಮೆಟ್ಟಿಲು ಹತ್ತಿ 2009ರಲ್ಲಿ ಮೊದಲ ದರ್ಜೆಗೆ ಬಂದರು. ಅಷ್ಟರೊಳಗೆ ಒಲಿಂಪಿಯಾ ಎಂಬ ಹೆಸರನ್ನೂ ಮರಳಿ ಪಡೆದಿದ್ದರು. 2016ರಲ್ಲಿ ಲೀಗನ್ನೂ ಗೆದ್ದರು. ಅಭಿಮಾನಿಗೆ ಅದು ಐದನೆಯ ಪ್ರಶಸ್ತಿ. ಸ್ಲೊವೇನಿಯಾದ ಫುಟ್‌ಬಾಲ್ ಸಂಘಕ್ಕೆ ಅದು ಒಂದು ಹೊಸ ಕ್ಲಬ್ಬಿನ ಮೊದಲನೆಯ ಪ್ರಶಸ್ತಿ. ಮುರ್ಸ್ಕಾ ಸೊಬೊತಾ ಪಟ್ಟಣದ ಮುರಾ ಕ್ಲಬ್ ಎರಡು ಸಲ ಸತ್ತು ಮೂರನೆಯ ಜನ್ಮದಲ್ಲಿ 2021ರ ಚಾಂಪಿಯನ್ ಆಯಿತು. ಅಲ್ಲೂ ಇದೇ ವಾದ. ಇನ್ನೊಂದು ವಿಚಿತ್ರವನ್ನೂ ನೋಡಿ. ಹೈದರಾಬಾದ್ ರಾಜ್ಯ ಕರಗಿದ ಒಂದು ತಿಂಗಳಿಗೆ, 1956ರ ಡಿಸೆಂಬರ್‌ನಲ್ಲಿ, ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ರಹೀಮರ ಭಾರತ ತಂಡ ಯುಗೊಸ್ಲಾವಿಯಾ ಎದುರು 1–4ರಿಂದ ಸೋತಿತು. ಸ್ಲೊವೇನಿಯಾ ಆಗ ಯುಗೊಸ್ಲಾವಿಯಾದ ಒಂದು ಭಾಗ. ಇವತ್ತಿನ ಫಿಫಾ ದಾಖಲೆಯಲ್ಲಿ ಆ ದೇಶದ ಆಟದ ಚರಿತ್ರೆಯೆಲ್ಲ ಸರ್ಬಿಯಾದ ಪಾಲು, ಸ್ಲೊವೇನಿಯಾಕ್ಕೆ ಏನೂ ಇಲ್ಲ.

ಇಂಥ ಜಗಳದಲ್ಲಿ ಸಾಮಾನ್ಯವಾಗಿ ಮೂರು ಉತ್ತರ ಕೇಳಿಬರುತ್ತವೆ. ಮೈದಾನ, ಆಟಗಾರರು, ಬಣ್ಣ ಇವೇ ಕ್ಲಬ್ ಎನ್ನುವುದು ಒಂದು. ಇದು ನಿಲ್ಲುವುದಿಲ್ಲ, ಬದುಕಿರುವ ಕ್ಲಬ್ಬಿನಲ್ಲೂ ಹದಿನೈದು ವರ್ಷಕ್ಕೆ ಆಟಗಾರರೆಲ್ಲ ಬದಲಾಗುತ್ತಾರೆ, ಒಲಿಂಪಿಯಾ ಈಗ ಆಡುವ ಮೈದಾನವೂ ಹಳೆಯದಲ್ಲ. ನೋಂದಣಿಯ ಕಾಗದವೇ ಕ್ಲಬ್ ಎನ್ನುವುದು ಎರಡನೆಯದು. ಕಾಗದಕ್ಕೆ ಬೆಲೆಯಿದೆ, ಆದರೆ ಅದನ್ನು ಕೊಳ್ಳಬಹುದು, ಮಾರಬಹುದು. ಇಂಗ್ಲೆಂಡಿನ ವಿಂಬಲ್ಡನ್ ಕ್ಲಬ್ಬನ್ನು ಅದರ ಮಾಲೀಕರು 2003ರಲ್ಲಿ ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಒಯ್ದಾಗ ಕಾಗದವೂ ಜೊತೆಗೆ ಹೋಯಿತು. ಆದರೂ 2007ರಲ್ಲಿ ಹಳೆಯ ಟ್ರೋಫಿಗಳನ್ನು ಮೂಲ ಊರಿಗೆ ಮರಳಿಸಲೇಬೇಕಾಯಿತು. ಮೂರನೆಯದು ಪ್ರೀತಿ: ಅಭಿಮಾನಿಗಳು ನಮ್ಮದೇ ಎಂದು ನಂಬಿದರೆ ಸಾಕು ಎನ್ನುವ ಮಾತು. ಇದು ಮನಸ್ಸಿಗೆ ಹತ್ತಿರದ ಉತ್ತರ. ಆದರೆ ಬರೀ ನಂಬಿಕೆಯಿಂದ ಪರಂಪರೆ ಸಿಗುವುದಾದರೆ ಯಾರು ಯಾವ ಗತವೈಭವಕ್ಕೆ ಬೇಕಾದರೂ ವಾರಸುದಾರರಾಗಬಹುದು, ಆ ಗತದ ಕೆಡುಕುಗಳಿಗೆ ಮಾತ್ರ ಯಾರೂ ಸಿಗುವುದಿಲ್ಲ. ನನ್ನ ವಾದ ನಾಲ್ಕನೆಯದು. ಹಿಂದಿನವರು ಕೊಟ್ಟ ಮಾತು, ಬಿಟ್ಟುಹೋದ ಸಾಲ, ಒಪ್ಪಿಕೊಂಡ ಕರ್ತವ್ಯ ಇವನ್ನು ಯಾರು ಹೊರುತ್ತಾರೋ ಅವರಿಗೆ ಮಾತ್ರ ಹಿಂದಿನವರ ಹೆಸರು ಸಲ್ಲುತ್ತದೆ. ಹೊತ್ತಷ್ಟು ಮಟ್ಟಿಗೆ ಸಲ್ಲುತ್ತದೆ.

ಈ ವಾದಕ್ಕೆ ಬಲವಾದ ಸಾಕ್ಷ್ಯ ಅಫಜಲಪುರ ತಾಲೂಕಿನಲ್ಲೇ ಇದೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಭೀಮೆಯನ್ನು ಕೂಡುವ ಕಡೆ ದೇವಲ ಗಾಣಗಾಪುರ. ಅಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರನ್ನು ದತ್ತ ಸಂಪ್ರದಾಯ ಕೃಷ್ಣೆಯ ನಡುಗಡ್ಡೆ ಕುರುವಪುರದ ಶ್ರೀಪಾದ ಶ್ರೀವಲ್ಲಭರೇ ಎಂದು ನಂಬುತ್ತದೆ. ದೇಹ ಬೇರೆ, ಹುಟ್ಟಿದ ಊರು ಬೇರೆ, ಕಾಲ ಬೇರೆ. ಹಾಗಿದ್ದೂ ಇಬ್ಬರೂ ಒಬ್ಬರೇ ಎನ್ನಲು ಈ ಸಂಪ್ರದಾಯದ ಗ್ರಂಥ ಗುರುಚರಿತ್ರೆ ಕೊಡುವ ಪುರಾವೆ ಯಾವುದು? ಮುಖದ ಹೋಲಿಕೆಯನ್ನು ಅದು ಮುಂದಿಡುವುದಿಲ್ಲ, ಪವಾಡದ ಮೇಲೂ ಭಾರ ಹಾಕುವುದಿಲ್ಲ. ಸಲ್ಲಿಸಿದ ಮಾತನ್ನು ಮುಂದಿಡುತ್ತದೆ. ದಡ್ಡ ಮಗನ ಕೈಹಿಡಿದು ನದಿಗೆ ಹಾರಲು ಹೊರಟ ವಿಧವೆಗೆ ಶ್ರೀಪಾದರು ಮುಂದಿನ ಜನ್ಮದಲ್ಲಿ ನಿನ್ನ ಮಗನಾಗುತ್ತೇನೆ ಎಂದು ಮಾತು ಕೊಡುತ್ತಾರೆ. ಕಾರಂಜಾದಲ್ಲಿ ಹುಟ್ಟಿದ ನರಸಿಂಹರು ಆ ಮಾತನ್ನು ಉಳಿಸುತ್ತಾರೆ. ಇನ್ನೊಂದು ಕಥೆ ಅಗಸನದು. ಕುರುವಪುರದಲ್ಲಿ ಗುರುವಿನ ಬಟ್ಟೆ ಒಗೆದು ಸೇವೆ ಮಾಡುತ್ತಿದ್ದವನು, ನದಿಯಲ್ಲಿ ನಾವೆಯೇರಿ ಮೆರೆಯುತ್ತಿದ್ದ ಅರಸನನ್ನು ಕಂಡು ತನಗೂ ಆ ಭೋಗ ಬೇಕೆಂದು ಆಸೆಪಡುತ್ತಾನೆ. ಮುಂದಿನ ಜನ್ಮದಲ್ಲಿ ಬೀದರಿನ ಮುಸಲ್ಮಾನ ದೊರೆಯಾಗುವೆ, ಆಗ ಮತ್ತೆ ನನ್ನನ್ನು ಕಾಣುವೆ ಎಂದು ಗುರು ಹೇಳುತ್ತಾರೆ. ಕೊನೆಗೆ ತೊಡೆಯ ಮೇಲಿನ ವಾಸಿಯಾಗದ ಹುಣ್ಣನ್ನು ಹೊತ್ತ ದೊರೆ ಗಾಣಗಾಪುರಕ್ಕೆ ಬಂದು ನಿಂತಾಗ ಗುರು ಅವನನ್ನು ಆ ಹಳೆಯ ಅಗಸನೆಂದೇ ಕರೆಯುತ್ತಾರೆ, ಅವನಿಗೆ ಎಲ್ಲವೂ ನೆನಪಾಗುತ್ತದೆ. ಕಥೆ ನಡೆದದ್ದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರನ್ನು ಒಬ್ಬರೆಂದು ಗುರುತಿಸಲು ಒಂದು ಸಂಪ್ರದಾಯ ಯಾವ ಅಳತೆಯನ್ನು ಆರಿಸಿಕೊಂಡಿತು ಎಂಬುದು ಮುಖ್ಯ. ಗಾಣಗಾಪುರದ ನಿತ್ಯದ ಬಾಳೂ ಅದೇ ಅಳತೆಯಲ್ಲಿ ನಡೆದಿದೆ. ಗುರು ಹೋದ ಮೇಲೆ ಉಳಿದದ್ದು ನಿರ್ಗುಣ ಪಾದುಕೆ. ಅದನ್ನು ಸಣ್ಣದೊಂದು ಕಿಂಡಿಯಿಂದ ಬಗ್ಗಿ ನೋಡಬೇಕು. ಆದರೆ ಮಧ್ಯಾಹ್ನದ ಮಧುಕರಿ ನಿಂತಿಲ್ಲ. ಗುರು ಭಿಕ್ಷೆ ಬೇಡಿದ ಊರಲ್ಲಿ ಭಕ್ತರು ಜೋಳಿಗೆ ಹಿಡಿದು ಮನೆಮನೆ ತಿರುಗುತ್ತಾರೆ, ಊರವರು ನೀಡುತ್ತಾರೆ. ಗುರು ಇನ್ನೂ ಇಲ್ಲಿದ್ದಾನೆ ಎಂಬ ಮಾತಿಗೆ ತೂಕ ಬರುವುದು ಆ ನೀಡುವ ಕೈಗಳಿಂದ.

ಜೇವರ್ಗಿಯ ಸಾಕ್ಷ್ಯ ಬೇರೆ ಬಗೆಯದು, ನನಗೆ ಇನ್ನೂ ಆಪ್ತವಾದದ್ದು. ಕಲ್ಯಾಣದ ಶರಣರು ಚದುರಿಹೋಗಿ ಐದು ಶತಮಾನ ಕಳೆದ ಮೇಲೆ, 17ನೆಯ ಶತಮಾನದಲ್ಲಿ, ಷಣ್ಮುಖ ಶಿವಯೋಗಿಗಳು ಇಲ್ಲಿ ಕೂತು ಏಳುನೂರಕ್ಕೂ ಹೆಚ್ಚು ವಚನ ಬರೆದರು. ಅವರನ್ನು 12ನೆಯ ಶತಮಾನದವರ ಸಾಲಿನಲ್ಲಿ ಕೂರಿಸಲು ಯಾವ ಕಾಗದವಿತ್ತು? ನಡುವೆ ಅನುಭವ ಮಂಟಪ ಇರಲಿಲ್ಲ, ಬಿಜ್ಜಳನ ರಾಜ್ಯ ಇರಲಿಲ್ಲ. ಅವರು ಮಾಡಿದ್ದು ಎರಡು ಕೆಲಸ. ತಮ್ಮ ಗುರು ಅಖಂಡೇಶ್ವರರ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು, ಅಂದರೆ ಬರೆದ ಪ್ರತಿಯೊಂದು ಮಾತಿಗೂ ಗುರುವನ್ನು ಸಾಕ್ಷಿಯಾಗಿ ನಿಲ್ಲಿಸಿದರು. ಜೊತೆಗೆ, ನುಡಿದಂತೆ ನಡೆಯಬೇಕೆಂಬ ಹಳೆಯ ಶರಣರ ಕಟ್ಟುನಿಟ್ಟನ್ನು ತಮ್ಮ ಬಾಳಿನ ಮೇಲೆ ಹೇರಿಕೊಂಡರು. ಶೈಲಿಯನ್ನಷ್ಟೇ ಅನುಕರಿಸಿದ್ದರೆ ಅವರು ಒಳ್ಳೆಯ ಅಭ್ಯಾಸಿಯೆನಿಸುತ್ತಿದ್ದರು. ಷರತ್ತನ್ನು ಹೊತ್ತದ್ದರಿಂದ ವಚನಕಾರರಾದರು. ಈ ಭಾಗದ ಮಠಗಳಲ್ಲಿ ಪಟ್ಟಾಧಿಕಾರವಾದಾಗ ಜನ ನೋಡುವುದೂ ಇದನ್ನೇ. ಹೊಸ ಸ್ವಾಮಿಗಳು ಹಿಂದಿನವರ ಹೆಸರನ್ನೇ ಹೊತ್ತು ಗದ್ದುಗೆಗೆ ಬರಬಹುದು. ದಾಸೋಹ ನಡೆಯುತ್ತಿದೆಯೇ, ಮಠದ ಶಾಲೆಯ ಮಾಸ್ತರರಿಗೆ ಪಗಾರ ಸಿಗುತ್ತಿದೆಯೇ, ಹಿಂದಿನವರು ಮಾಡಿದ ಸಾಲ ತೀರುತ್ತಿದೆಯೇ ಎಂದು ಜನ ನೋಡುತ್ತಾರೆ. ತೀರದಿದ್ದರೆ ಹೆಸರೊಂದೇ ಭಕ್ತರನ್ನು ಬಹಳ ದಿನ ಹಿಡಿದಿಡಲಾರದು.

ಇಲ್ಲಿ ಬೌದ್ಧರ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಜೇವರ್ಗಿಗೆ ದೂರವಲ್ಲದ ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನವನ್ನೂ ಮಹಾಸ್ತೂಪವನ್ನೂ ಬಿಟ್ಟುಹೋದ ಧರ್ಮ ಅದು, ಹೊರಗಿನದೆಂದು ತಳ್ಳಿಹಾಕುವಂತಿಲ್ಲ. ಮಿಲಿಂದ ಪನ್ಹ ಎಂಬ ಬೌದ್ಧ ಗ್ರಂಥದಲ್ಲಿ ನಾಗಸೇನ ಭಿಕ್ಷು ದೊರೆ ಮಿಲಿಂದನನ್ನು ಕೇಳುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ, ರಥವೆಂಬುದು ಬಿಡಿಭಾಗಗಳ ಜೋಡಣೆಗೆ ನಾವಿಟ್ಟ ಹೆಸರು. ಹಾಗಿದ್ದರೆ ಕ್ಲಬ್ಬು, ಮಠ, ರಾಜ್ಯ ಎಲ್ಲವೂ ಬರೀ ಹೆಸರು. ಅದೇ ಹೌದೋ ಅಲ್ಲವೋ ಎಂಬ ಪ್ರಶ್ನೆಗೇ ಅರ್ಥವಿಲ್ಲ ಎಂದಾಗುವುದಿಲ್ಲವೇ? ಇದನ್ನು ಅರ್ಧ ಒಪ್ಪುತ್ತೇನೆ. ಬದಲಾಗದ ತಿರುಳೊಂದು ಒಳಗೆಲ್ಲೋ ಅಡಗಿದೆ ಎಂದು ನಾನೂ ಹೇಳುತ್ತಿಲ್ಲ. ಆದರೆ ನಾಗಸೇನನೇ ಅಲ್ಲಿಗೆ ನಿಲ್ಲುವುದಿಲ್ಲ. ಮಾವಿನಹಣ್ಣು ಕದ್ದವನೊಬ್ಬ, ತೋಟದವನು ನೆಟ್ಟ ಹಣ್ಣು ಬೇರೆ, ನಾನು ಕಿತ್ತ ಹಣ್ಣು ಬೇರೆ ಎಂದು ವಾದಿಸಿದರೆ ಬಿಡುಗಡೆಯಾಗುತ್ತಾನೆಯೇ ಎಂದೂ ಅವನು ಕೇಳುತ್ತಾನೆ. ಇಲ್ಲ, ಅವನಿಗೆ ಶಿಕ್ಷೆ ತಪ್ಪದು; ಏಕೆಂದರೆ ಕಿತ್ತ ಹಣ್ಣು ಆ ನೆಟ್ಟದ್ದರಿಂದಲೇ ಬಂತು. ಅಂದರೆ ಆತ್ಮವೇ ಇಲ್ಲವೆನ್ನುವ ದರ್ಶನವೂ ಹೊಣೆಯನ್ನು ಮಾತ್ರ ಕೈಬಿಡಲಿಲ್ಲ. ಎಲ್ಲ ಬಿಚ್ಚಿಹಾಕಿದ ಮೇಲೂ ಮುಂದಕ್ಕೆ ದಾಟುವುದು ಕರ್ಮದ ಲೆಕ್ಕ.

ಇನ್ನೊಂದು ಆಕ್ಷೇಪ ಹೆಚ್ಚು ಲೌಕಿಕವಾದದ್ದು, ಹೆಚ್ಚು ಚುಚ್ಚುವಂಥದ್ದು. ಹಿಂದಿನವರ ತಪ್ಪಿಗೆ ಮುಂದಿನವರನ್ನು ಹಿಡಿಯುವುದು ಅನ್ಯಾಯವಲ್ಲವೇ? ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಕಟ್ಟಳೆಯನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ಕೊನೆಗಾಣಿಸಿತು. ಅದು ಸರಿಯಾದ ತೀರ್ಮಾನ, ಏಕೆಂದರೆ ಮಗ ಅಪ್ಪನನ್ನು ಆರಿಸಿಕೊಂಡು ಹುಟ್ಟಿದವನಲ್ಲ. ಪರಂಪರೆಯ ಹೆಸರನ್ನು ಹಿಡಿಯುವವನು ಹಾಗಲ್ಲ. ಅವನು ಆರಿಸಿಕೊಳ್ಳುತ್ತಾನೆ, ಬೇಡವೆಂದರೆ ಬಿಡಬಹುದು. ಆರಿಸಿದ ಮೇಲೆ ಕಪ್ಪನ್ನಷ್ಟೇ ತೆಗೆದುಕೊಂಡು ಬಾಕಿಯನ್ನು ಬಿಡುವಂತಿಲ್ಲ. ಈ ಕಾರಣಕ್ಕೆ ಲ್ಯುಬ್ಲಿಯಾನಾದ ಅಭಿಮಾನಿಗಳ ಬಗ್ಗೆ ಎಷ್ಟೇ ಗೌರವವಿದ್ದರೂ ಹಳೆಯ ನಾಲ್ಕು ಪ್ರಶಸ್ತಿಗಳ ವಿಷಯದಲ್ಲಿ ನಾನು ಸಂಘದ ಕಡೆ. ಐದನೆಯ ದರ್ಜೆಯ ಕೆಸರಿನಿಂದ ಹತ್ತಿಬಂದು ಅವರು ಆಟದ ಹೊಣೆ ಹೊತ್ತರು. ಹೆಸರೂ ನೆನಪೂ ಅವರಿಗೆ ಸಲ್ಲಬೇಕು. ದಿವಾಳಿಯಾದ ಕ್ಲಬ್ಬಿಗೆ ಸಾಲ ಕೊಟ್ಟವರಿಗೆ ಹೊಸ ಕ್ಲಬ್ಬು ಉತ್ತರ ಕೊಡಬೇಕಾಗಿರಲಿಲ್ಲ. ಆದ್ದರಿಂದ ಆ ಲೆಕ್ಕದ ಜಮೆಯೂ ಅದರದಲ್ಲ. ಇಬ್ಬರು ವಾರಸುದಾರರು ಒಟ್ಟಿಗೆ ಬಂದು ನಿಂತರೆ ಏನು ಮಾಡುವುದು ಎಂದೂ ಕೇಳಬಹುದು. ಆಳಂದದಲ್ಲಿ ಸೂಫಿ ಸಂತ ಲಾಡ್ಲೆ ಮಶಾಯಿಖರ ದರ್ಗಾದ ಆವರಣದಲ್ಲೇ ರಾಘವ ಚೈತನ್ಯರ ನೆಲೆಯಿದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಪೂಜೆಯ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿದೆ. ಒಡೆತನವೇ ಪರಂಪರೆಯ ಗುರುತಾದರೆ ಒಬ್ಬರು ಗೆದ್ದು ಇನ್ನೊಬ್ಬರು ಸೋಲಲೇಬೇಕು. ಸೂಫಿಯ ಮತ್ತು ಚೈತನ್ಯರ ದಾರಿಯಲ್ಲಿ ನಡೆಯುವ ಕಷ್ಟವನ್ನು ಒಪ್ಪಿಕೊಂಡದ್ದೇ ಗುರುತಾದರೆ ಇಬ್ಬರ ಹಕ್ಕೂ ಒಂದೇ ಅಂಗಳದಲ್ಲಿ ನಿಲ್ಲುತ್ತದೆ, ಒಂದು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ.

ಹಾಗಾದರೆ ಕರ್ನಾಟಕ? 1956ರಲ್ಲಿ ಮೈಸೂರು ರಾಜ್ಯ ಈ ಮೂರು ತಾಲೂಕುಗಳನ್ನು ಪಡೆದಾಗ ಅವುಗಳ ಕಂದಾಯದ ಜೊತೆ ನಿಜಾಮರ ಕಾಲದ ಕೊರತೆಯನ್ನೂ ಪಡೆಯಿತು: ಕನ್ನಡ ಶಾಲೆಗಳಿಲ್ಲದ ಹಳ್ಳಿಗಳು, ನೀರಾವರಿ ಕಾಣದ ಹೊಲಗಳು. ಆ ಕೊರತೆಯನ್ನು ತಾನು ಉಂಟುಮಾಡಿಲ್ಲ ಎಂದು ರಾಜ್ಯ ಹೇಳಬಹುದು, ಅದು ನಿಜವೂ ಹೌದು. ಆದರೆ ತನ್ನ ಚರಿತ್ರೆ ಅಖಂಡವಾದದ್ದು, ಹಳೆಯ ಮೈಸೂರಿನ ಗೆಲುವು ಆಳಂದದವರಿಗೂ ಸೇರಿದ್ದು ಎನ್ನುವ ರಾಜ್ಯ, ಆಳಂದದ ಹಳೆಯ ಬಾಕಿ ಬೆಂಗಳೂರಿಗೂ ಸೇರಿದ್ದು ಎಂದು ಒಪ್ಪಬೇಕಾಗುತ್ತದೆ. ಬಹಳ ತಡವಾಗಿ ಒಪ್ಪಿತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು, ರಾಜ್ಯಕ್ಕೆ ಸೇರಿ 46 ವರ್ಷವಾದ ಮೇಲೂ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗೆ ಸಂಸತ್ತು ಒಪ್ಪಿದ್ದು 2012ರ ಕೊನೆಯಲ್ಲಿ. 2019ರಲ್ಲಿ ಈ ಭಾಗಕ್ಕಿದ್ದ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಹೆಸರು ಬದಲಿಸಲು ಒಂದು ಸರ್ಕಾರಿ ಆದೇಶ ಸಾಕಾಯಿತು. ಕಲ್ಯಾಣದ ಹೆಸರಿಟ್ಟುಕೊಂಡ ಮೇಲೆ ಬರುವ ಹೊಣೆ ಅಷ್ಟು ಸುಲಭದ್ದಲ್ಲ, ಜೇವರ್ಗಿಯ ಶಿವಯೋಗಿಗಳಿಗೆ ಅದು ಇಡೀ ಬಾಳನ್ನೇ ಕೇಳಿತ್ತು. 371(ಜೆ) ಅಡಿ ಮೀಸಲಾದ ಹುದ್ದೆಗಳನ್ನು ತುಂಬಿ, ಅಮರ್ಜೆಯ ನೀರನ್ನು ಕೊನೆಯ ಕಾಲುವೆಯವರೆಗೆ ಹರಿಸಿ ಎಂದು ಇಲ್ಲಿಯ ಜನ ಕೇಳಿದಾಗ ಅದನ್ನು ಬೇಡಿಕೆಗಳ ಕಡತಕ್ಕೆ ಸೇರಿಸುವುದು ತಪ್ಪು. ಅವರು ಕೇಳುತ್ತಿರುವುದು ವಾರಸುದಾರನ ಬಳಿ, ಅವನೇ ಒಪ್ಪಿ ಸಹಿ ಹಾಕಿದ ಬಾಕಿಯನ್ನು.