ನುಣುಪಿನ ಕೆಳಗೆ ಏನಿದೆ?

ಮನೆಯ ಬಾಗಿಲಿಗೋ ಮಂಚಕ್ಕೋ ಸ್ಪ್ರೇ ಬಣ್ಣ ಹೊಡೆಸಿದಾಗ ನಾವೆಲ್ಲರೂ ಮೊದಲು ಅಂಗೈ ಸವರಿ ನೋಡುತ್ತೇವೆ. ಕೈ ಜಾರಿದರೆ ಕೆಲಸ ಚೆನ್ನಾಗಿದೆ ಎನ್ನುತ್ತೇವೆ. ಆದರೆ ಕೆಳಗಿನ ದೋಷವನ್ನು ಮುಚ್ಚಿ ಮೇಲೆ ಹೊಳಪು ಕೊಡುವುದು ಒಂದು ಬಗೆಯ ಸುಳ್ಳಲ್ಲವೇ?

ಕೆಲಸ ಬಲ್ಲವರು ಈ ಮಾತನ್ನು ಒಪ್ಪುವುದಿಲ್ಲ. ಒಂದು ಸಲ ಹೊಡೆದ ಬಣ್ಣ ಒಣಗಿದ ಮೇಲೆ ತಲೆಗೂದಲಿನಷ್ಟೂ ದಪ್ಪವಿರುವುದಿಲ್ಲ. ಅದು ಗೀರನ್ನು ಮುಚ್ಚುವುದಿರಲಿ, ತನ್ನ ಹೊಳಪಿನಿಂದ ಎತ್ತಿ ತೋರಿಸುತ್ತದೆ. ಆದ್ದರಿಂದಲೇ ಮರದ ಎಳೆಯ ಉದ್ದಕ್ಕೂ 120, 180, 220 ನಂಬರಿನ ಸ್ಯಾಂಡ್ ಪೇಪರಿನಿಂದ ಕ್ರಮವಾಗಿ ಉಜ್ಜಬೇಕು, ಧೂಳು ಒರೆಸಬೇಕು. ಪ್ರೈಮರ್ ಹಚ್ಚಿದೊಡನೆ ಮರದ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ 320ರಲ್ಲಿ ಮತ್ತೊಮ್ಮೆ ಉಜ್ಜಬೇಕು. ಗನ್ ಹಿಡಿಯುವುದು ಇದೆಲ್ಲ ಆದ ಮೇಲೆ. ಆರೆಂಟು ಅಂಗುಲ ದೂರದಿಂದ, ಹಿಂದಿನ ಪಟ್ಟೆಯ ಅರ್ಧವನ್ನು ಮುಂದಿನದು ಮುಚ್ಚುವಂತೆ ಹೊಡೆಯಬೇಕು. ತೀರಾ ಹತ್ತಿರವಾದರೆ ಬಣ್ಣ ಇಳಿಯುತ್ತದೆ. ದೂರವಾದರೆ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ತಿನ್ನರ್ ಸಾಲದೆ ಗಟ್ಟಿಯಾದರೆ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಬೆಳ್ಳಗಾಗುವುದೂ ಉಂಟು; ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ.

ಹಾಗಾದರೆ ಸುಳ್ಳು ಎಲ್ಲಿ ನುಸುಳುತ್ತದೆ? ಪುಟ್ಟಿಯಲ್ಲಿ. ಮೊಳೆಯ ತೂತಿಗೆ, ಮರದ ಸಣ್ಣ ರಂಧ್ರಗಳಿಗೆ ಪುಟ್ಟಿ ತುಂಬುವುದು ಎಲ್ಲರಿಗೂ ತಿಳಿದ ಪದ್ಧತಿ, ಅದರಲ್ಲಿ ಮೋಸವಿಲ್ಲ. ಹುಳು ಕೊರೆದ ಹಲಗೆಗೆ, ಸರಿಯಾಗಿ ಒಣಗದ ಹಸಿ ಮರದ ಬಿರುಕಿಗೆ ಅದೇ ಪುಟ್ಟಿಯನ್ನು ಅದೇ ಕೈ ತುಂಬಿದರೆ ಮಾತ್ರ ವಿಷಯ ಬೇರೆ. ಕೊಳ್ಳುವವನಿಗೆ ಗೊತ್ತಾಗಿದ್ದರೆ ಅವನು ಕೊಳ್ಳುತ್ತಿದ್ದನೇ ಎಂದು ಕೇಳಿಕೊಂಡರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಸಂಖ್ಯೆ 2409) ಕೆಟ್ಟದಾಗಿ ಮಾಡಿದ ಕೆಲಸವನ್ನು ಏಳನೆಯ ಕಟ್ಟಳೆಯ ವಿವರಣೆಯಲ್ಲಿ ಸೇರಿಸಿದೆ. ಸುಳ್ಳು ಹೇಳಬೇಡ ಎಂಬ ಕಟ್ಟಳೆಯಡಿ ಅಲ್ಲ, ಕದಿಯಬೇಡ ಎಂಬುದರಡಿ! ನಮ್ಮಲ್ಲಿ ಎಷ್ಟು ಮಂದಿ ಇದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇವೆ?

ಸುಣ್ಣ ಬಳಿದ ಸಮಾಧಿಗಳ ಕುರಿತು ಯೇಸುಸ್ವಾಮಿ ಆಡಿದ ಮಾತು (ಮತ್ತಾಯ 23) ಇಲ್ಲಿ ನೆನಪಾಗುವುದು ಸಹಜ. ಆದರೆ ಯೆಹೂದ್ಯರು ಆ ಸುಣ್ಣ ಬಳಿಯುತ್ತಿದ್ದುದು ಯಾರೂ ಅರಿಯದೆ ಸಮಾಧಿ ಮುಟ್ಟಿ ಮೈಲಿಗೆಯಾಗದಿರಲೆಂದು, ಎಚ್ಚರಿಕೆಗಾಗಿ. ಬಣ್ಣದ ಮೇಲೆ ತಪ್ಪು ಹೊರಿಸುವುದು ಅಷ್ಟು ಸುಲಭವಲ್ಲ.

ಬಡಗಿಯೊಬ್ಬನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಮನೆಯಲ್ಲಿ ಮದುವೆ, ಎರಡೇ ದಿನದಲ್ಲಿ ಮುಗಿಯಬೇಕು, ಕನ್ನಡಿಯಂತೆ ಹೊಳೆಯಬೇಕು, ದರ ಮಾತ್ರ ಇಳಿಯಬೇಕು. ಹೀಗೆ ಚೌಕಾಸಿ ಮಾಡುವವರು ನಾವೇ. ಆಗ ಅವನು ಯಾವುದನ್ನು ಕಡಿಮೆ ಮಾಡಬೇಕು? ಒಣಗಲು ಬಿಡುವ ಸಮಯ, ನಡುವೆ ಉಜ್ಜುವ ಕೆಲಸ, ಇವು ಕಣ್ಣಿಗೆ ಕಾಣುವುದಿಲ್ಲ. ಅವನ ಶ್ವಾಸಕೋಶವೂ ಕಾಣುವುದಿಲ್ಲ. ಈಗ ಬಹಳ ಕಡೆ ಬಳಸುವ ಪಿ.ಯು. ಬಣ್ಣದ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ; ಅದರ ತುಂತುರು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲಾರದು. ಸರಿಯಾದ ಮುಖವಾಡ ಬೇಕು, ಗಾಳಿಯಾಡುವ ಜಾಗ ಬೇಕು. ಇದರ ಖರ್ಚು ಯಾರ ಲೆಕ್ಕಕ್ಕೆ?

ಅವನೇ ಒಪ್ಪಿಕೊಂಡ ದರವಲ್ಲವೇ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. 1891ರಲ್ಲೇ ಪೋಪ್ ಹದಿಮೂರನೆಯ ಲಿಯೋ ತಮ್ಮ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಈ ಸಮಾಧಾನವನ್ನು ತಳ್ಳಿಹಾಕಿದ್ದಾರೆ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡವನ ಒಪ್ಪಿಗೆಯಿಂದ ಅನ್ಯಾಯವು ನ್ಯಾಯವಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ಕಾರ್ಖಾನೆಯ ಒಡೆಯರಿಗಷ್ಟೇ ಹೇಳಿದ ಮಾತೆಂದು ನಾವು ಅದನ್ನು ಪಕ್ಕಕ್ಕಿಟ್ಟಿದ್ದೇವೆ, ಅಷ್ಟೇ.

ಬಣ್ಣ ಹೊಡೆಯುವ ಮುನ್ನ ಮನೆಯವರನ್ನು ಕರೆದು ಬರಿಯ ಮರವನ್ನು ತೋರಿಸುವ ಬಡಗಿಗಳಿದ್ದಾರೆ. ಇಲ್ಲಿ ಗಂಟಿದೆ, ಇಲ್ಲಿ ಪುಟ್ಟಿ ತುಂಬಿದ್ದೇನೆ, ಈ ಹಲಗೆ ಬದಲಿಸಿದರೆ ಒಳ್ಳೆಯದು ಎನ್ನುತ್ತಾರೆ. ಹೋಗಿ ನೋಡಲು ನಮಗೇ ಬಿಡುವಿರುವುದಿಲ್ಲ.