ಸ್ವಲ್ಪ ಅಡ್ಜಸ್ಟ್ ಮಾಡಿ: ಯಾರು, ಎಲ್ಲಿವರೆಗೆ?

ವಾಕ್ಯಭಾಗ: ಆದಿಕಾಂಡ 13:5-12; ದಾನಿಯೇಲ 1; 1 ಸಮುವೇಲ 19:8-12

ಹಿಂದೆ ನಿಂತಿರೋ ಯೂತ್ಸ್ ಮುಂದೆ ಬನ್ನಿ. ಕುರ್ಚಿ ಸಾಲದಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡಿ. (ನಗು)

ನಗ್ತಿದ್ದೀರ. ಆದ್ರೆ ಇವತ್ತಿನ ಸಂದೇಶ ಇದೇ ಪದದ ಮೇಲೆ. ಇದು ಇಂಗ್ಲಿಷ್ ಕ್ರಿಯಾಪದ, ಆದ್ರೆ ನಮ್ಮ ಬೆಂಗಳೂರಲ್ಲಿ ಇದು ಕನ್ನಡವೇ ಆಗೋಗಿದೆ. ಬನಶಂಕರಿಯಲ್ಲಿ ಬಸ್ ಹತ್ತಿದ್ರೆ ಇಬ್ಬರ ಸೀಟಿಗೆ ಮೂರನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡಿ" ಅಂತಾರೆ. ಬಿಟಿಎಂ ಪಿಜಿಯಲ್ಲಿ ಓನರ್ ಇನ್ನೊಂದು ಮಂಚ ತಂದು ಹಾಕಿ ಅದನ್ನೇ ಅಂತಾರೆ. ಜಯನಗರ ಫೋರ್ತ್ ಬ್ಲಾಕಲ್ಲಿ ಆಟೋದವರ ಹತ್ರ ಚಿಲ್ಲರೆ ಇಲ್ಲದಿದ್ರೂ ಅದೇ ಮಾತು.

ಈ ಪದದ ಬೇರು ಲ್ಯಾಟಿನ್ ಭಾಷೆಯ "ಯುಕ್ಸ್ತಾ". ಅಂದ್ರೆ "ಹತ್ತಿರ". ಫ್ರೆಂಚ್ ಭಾಷೆ ದಾಟಿ ಇಂಗ್ಲಿಷಿಗೆ ಬರೋ ದಾರಿಯಲ್ಲಿ ಜನ ಇದರೊಳಗೆ "ಜಸ್ಟ್", ಅಂದ್ರೆ ನ್ಯಾಯ, ಅನ್ನೋ ಪದವನ್ನೂ ಕೇಳಿಸಿಕೊಂಡ್ರು. ಹಾಗಾಗಿ "ಹತ್ತಿರಕ್ಕೆ ತರು", "ಸರಿಪಡಿಸು" ಎರಡೂ ಅರ್ಥ ಇದರ ಜೊತೆ ಸೇರಿಕೊಂಡವು. ಮೆಕ್ಯಾನಿಕ್ ನಿಮ್ಮ ಸ್ಕೂಟರ್ ಬ್ರೇಕ್ ಅಡ್ಜಸ್ಟ್ ಮಾಡ್ತಾನೆ ಅಂದ್ರೆ ಸರಿಯಾದ ಅಳತೆಗೆ ತಂದು ಕೊಡ್ತಾನೆ. "ಬ್ರೇಕ್ ಹಿಡಿಯಲ್ಲ, ನೀವೇ ಅಡ್ಜಸ್ಟ್ ಮಾಡ್ಕೊಂಡು ಓಡಿಸಿ" ಅಂತ ಕಳಿಸಿದ್ರೆ ಆ ಗ್ಯಾರೇಜಿಗೆ ಮತ್ತೆ ಹೋಗ್ತೀರಾ?

ಪ್ರಿಯರೇ, ನಮ್ಮ ಸಮಸ್ಯೆ ಏನಂದ್ರೆ, ಇಂಗ್ಲಿಷಿನಲ್ಲಿ ನಾಲ್ಕು ಪದ ಬೇರೆ ಬೇರೆ ಇದ್ರೂ ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ "ಅಡ್ಜಸ್ಟ್" ಅಂತೀವಿ. ಇವತ್ತು ಆ ಚೀಲ ಬಿಚ್ಚೋಣ.

ಒಂದನೆಯದು ಅಕಾಮಡೇಟ್. ಅಂದ್ರೆ ಜಾಗ ಕೊಡೋದು. ಆದಿಕಾಂಡ 13ರಲ್ಲಿ ಅಬ್ರಾಮನ ಕುರುಬರಿಗೂ ಲೋಟನ ಕುರುಬರಿಗೂ ಜಗಳ ಆಯ್ತು. ಅಬ್ರಾಮ ದೊಡ್ಡಪ್ಪ, ವಯಸ್ಸಲ್ಲಿ ಹಿರಿಯ. ಮೊದಲು ಆರಿಸೋ ಹಕ್ಕು ಅವನದು. ಆದ್ರೆ ಅವನು ಏನಂದ? ನೀನು ಎಡಕ್ಕೆ ಹೋದ್ರೆ ನಾನು ಬಲಕ್ಕೆ ಹೋಗ್ತೀನಿ, ನೀನೇ ಮೊದಲು ನೋಡ್ಕೋ ಅಂದ. ಗಮನಿಸಿ, ಅಬ್ರಾಮ ಬಿಟ್ಟುಕೊಟ್ಟಿದ್ದು ತನ್ನ ಜಾಗವನ್ನ. ಪಿಜಿಯಲ್ಲಿ ಫ್ಯಾನ್ ಕೆಳಗಿನ ಮಂಚ ನಿಮ್ಮದಾಗಿದ್ರೆ, ಹೊಸದಾಗಿ ರಾಯಚೂರಿಂದ ಬಂದ ತಮ್ಮನಿಗೆ ಅದನ್ನ ಕೊಡಿ. ಇದು ದೇವರಿಗೆ ಮೆಚ್ಚುಗೆಯಾದ ಅಡ್ಜಸ್ಟ್. ಆಮೆನ್?

ಎರಡನೆಯದು ಅಡಾಪ್ಟ್, ಹೊಸ ಊರಿಗೆ ಹೊಂದಿಕೊಳ್ಳೋದು. ಮೂರನೆಯದು ಕಾಂಪ್ರಮೈಸ್. ಇಂಗ್ಲಿಷಿನಲ್ಲಿ ಇದಕ್ಕೆ ಒಳ್ಳೆ ಅರ್ಥನೂ ಇದೆ, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ರಾಜಿ ಆಗೋದು. ಆದ್ರೆ ಬಿಡಬಾರದ್ದನ್ನ ಬಿಡೋದಕ್ಕೂ ಇದೇ ಪದ. ಇವೆರಡರ ಗೆರೆ ದಾನಿಯೇಲನಿಗೆ ಗೊತ್ತಿತ್ತು. ಬಾಬೆಲಿನಲ್ಲಿ ಅವನಿಗೆ ಬೇಲ್ತೆಶಚ್ಚರ ಅಂತ ಹೊಸ ಹೆಸರಿಟ್ಟರು, ಸುಮ್ಮನಿದ್ದ. ಮೂರು ವರ್ಷ ಕಸ್ದೀಯರ ಭಾಷೆ ಕಲಿಸಿದ್ರು, ಚೆನ್ನಾಗೇ ಕಲಿತ. ಅರಸನ ಊಟ ತಟ್ಟೆಗೆ ಬಂದಾಗ ಮಾತ್ರ ಬೇಡ ಅಂದ. ಕೂಗಾಡಲಿಲ್ಲ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂತ ವಿನಯವಾಗಿ ಕೇಳಿದ. ನಾಳೆ ನಿಮ್ಮ ಟೀಮ್ ಲೀಡ್ "ಈ ಬಿಲ್ ಡೇಟ್ ಸ್ವಲ್ಪ ಅಡ್ಜಸ್ಟ್ ಮಾಡಪ್ಪ" ಅಂದ್ರೆ ಅದರ ನಿಜವಾದ ಹೆಸರು ಸುಳ್ಳು. ಪದ ಬದಲಾಯಿಸಿದ್ರೆ ಪಾಪ ಬದಲಾಗಲ್ಲ.

ನಾಲ್ಕನೆಯದು ಟಾಲರೇಟ್, ಸಹಿಸೋದು. ಇಲ್ಲಿ ನಾನು ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ ಮಾಡಬೇಕು. ಆ ಸಹೋದರಿಯ ಒಪ್ಪಿಗೆ ತಗೊಂಡೇ, ಗುರುತು ಹೇಳದೆ ಹೇಳ್ತಿದ್ದೀನಿ.

ಬೈಬಲ್ ಕಾಲೇಜ್ ಡಿಪ್ಲೊಮಾ ಮುಗಿಸಿ ಸೇವೆಗೆ ಬಂದ ಹೊಸತು. ಬುಧವಾರದ ಪ್ರಾರ್ಥನೆ ಆದ ಮೇಲೆ ಒಬ್ಬ ಸಿಸ್ಟರ್ ಬಂದು, "ಪಾಸ್ಟರ್, ಮನೇಲಿ ಅವರು ಕೈ ಮಾಡ್ತಾರೆ" ಅಂದ್ರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಪ್ರಾರ್ಥನೆ ಮಾಡೋಣ ಸಿಸ್ಟರ್. ಕುಟುಂಬ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಿ" ಅಂದೆ. ಪ್ರೀತಿಯಿಂದ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕು ಅನ್ನೋ ಎಫೆಸ 4:2 ಬೇರೆ ತೋರಿಸಿದೆ. ಮೂರು ತಿಂಗಳಾದ ಮೇಲೆ ಅವರು ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಸಭೆಗೆ ಬಂದ್ರು. ನನ್ನನ್ನ ಬೈಯಲಿಲ್ಲ. "ನೀವು ಹೇಳಿದ ಹಾಗೇ ಮಾಡಿದೆ ಪಾಸ್ಟರ್" ಅಂದ್ರು, ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ರೇಕ್ ಹಿಡಿಯದ ಗಾಡಿ ಕೊಟ್ಟು ಓಡಿಸ್ಕೊಂಡು ಹೋಗಿ ಅಂದ ಮೆಕ್ಯಾನಿಕ್ ನಾನೇ ಆಗಿದ್ದೆ. ಎಫೆಸದ ವಾಕ್ಯ "ಒಬ್ಬರನ್ನೊಬ್ಬರು" ಅನ್ನುತ್ತೆ. ನಾನು ಅದನ್ನ ಪೆಟ್ಟು ತಿಂದವರಿಗೆ ಮಾತ್ರ ಓದಿದ್ದೆ. ಹೊಡೆದವನಿಗೆ ಓದಲೇ ಇಲ್ಲ.

1 ಸಮುವೇಲ 19 ನೋಡಿ. ಸೌಲ ಈಟಿ ಎಸೆದಾಗ ದಾವೀದ ಏನು ಮಾಡಿದ? ತಪ್ಪಿಸಿಕೊಂಡ. ಈಟಿ ಗೋಡೆಗೆ ನಾಟಿತು. ಅದೇ ರಾತ್ರಿ ಮೀಕಲಳು ಅವನನ್ನ ಕಿಟಕಿಯಿಂದ ಇಳಿಸಿ ಕಳಿಸಿದಳು. ದಾವೀದ ಸೌಲನ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ, ನಿಜ. ಆದ್ರೆ ಕ್ಷಮಿಸೋದು ಬೇರೆ, ಈಟಿ ಮುಂದೆ ಕೂತಿರೋದು ಬೇರೆ. ದೇವರು ದಾವೀದನಿಗೆ ಅಡ್ಜಸ್ಟ್ ಮಾಡ್ಕೋ ಅನ್ನಲಿಲ್ಲ. ಹಲ್ಲೆಲೂಯ!

ಆದ್ದರಿಂದ ಸಹೋದರಿಯರೇ, ಮನೇಲಿ ಯಾರಾದ್ರೂ ಹೊಡೀತಿದ್ರೆ ಬಾಯಿಬಿಟ್ಟು ಹೇಳಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ನಿಮ್ಮ ರಕ್ಷಣೆಗೆ ಇದೆ. ಮಹಿಳಾ ಸಹಾಯವಾಣಿ 181. ತುರ್ತಾದ್ರೆ 112. ಫೋನ್ ಮಾಡೋದು ಅವಿಶ್ವಾಸ ಅಲ್ಲ. ಸಭೆಯವರೇ, ನಮ್ಮ ಕೆಲಸ ಮೀಕಲಳ ಕೆಲಸ: ಕಿಟಕಿ ತೆರೆಯೋದು.

ಕೊನೇ ಮಾತು. ಕನ್ನಡದಲ್ಲಿ "ಅಡ್ಜಸ್ಟ್ ಮಾಡ್ಕೋತೀನಿ" ಅಂದ್ರೆ ಭಾರ ನನ್ನ ಮೇಲೆ. "ನೀನು ಅಡ್ಜಸ್ಟ್ ಮಾಡ್ಕೋ" ಅಂದ್ರೆ ಭಾರ ನಿನ್ನ ಮೇಲೆ. ಫಿಲಿಪ್ಪಿ 2 ಓದಿ. ಯೇಸು ತನ್ನ ಸ್ಥಾನ ಬಿಟ್ಟು, ದಾಸನ ರೂಪ ತಗೊಂಡು, ಶಿಲುಬೆ ತನಕ ಇಳಿದು ಬಂದನು. ದೂರ ಇದ್ದ ನಮ್ಮ ಹತ್ತಿರಕ್ಕೆ ಬಂದನು, ನಮ್ಮನ್ನ ದೇವರ ಮುಂದೆ ಸರಿಪಡಿಸಿದನು. ಆ ಪದದ ಎರಡೂ ಅರ್ಥ ಅವನಲ್ಲಿ ನೆರವೇರಿತು. ಭಾರ ಹೊತ್ತವನು ಅವನೇ.

ಈ ವಾರ "ಅಡ್ಜಸ್ಟ್ ಮಾಡಿ" ಅನ್ನೋ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಿ, ಭಾರ ಯಾರ ಮೇಲೆ ಹಾಕ್ತಿದ್ದೀನಿ ಅಂತ ನೋಡಿ.

ಎದ್ದು ನಿಲ್ಲೋಣ. ಪ್ರೀತಿಯುಳ್ಳ ತಂದೆಯೇ, ನಮ್ಮ ಜಾಗ ಬಿಟ್ಟುಕೊಡೋ ಮನಸ್ಸು ಕೊಡಿ, ಸತ್ಯ ಬಿಟ್ಟುಕೊಡದ ಧೈರ್ಯ ಕೊಡಿ. ನೋವಲ್ಲಿರೋರಿಗೆ ನಾವು ತಪ್ಪು ಮಾತು ಹೇಳಿದ್ದನ್ನ ಕ್ಷಮಿಸಿ. ಇವತ್ತು ಭಯದಲ್ಲಿ ಮನೆಗೆ ಹೋಗ್ತಿರೋ ಯಾರಾದ್ರೂ ಇಲ್ಲಿದ್ರೆ, ಅವರು ಹೋಗೋ ಮೊದಲು ನಮ್ಮಲ್ಲಿ ಒಬ್ಬರ ಹತ್ರ ಮಾತಾಡೋ ಬಲ ಕೊಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.